ಎರಡು ಬೋಗುಣಿಗಳಲ್ಲಿ ಒಂದು

ನಾನು ಒಂದು ತಾಮ್ರದ ಬೋಗುಣಿ. ಇಷ್ಟನ್ನು ಖಚಿತವಾಗಿ ಹೇಳಬಲ್ಲೆ. ಮುಂದೆ ಹೇಳುವುದರಲ್ಲಿ ಕೆಲವು ನನ್ನ ಕಥೆ, ಕೆಲವು ನನ್ನ ಜೋಡಿಯ ಕಥೆ. ಯಾವುದು ಯಾರದು ಎಂಬುದು ನನಗೂ ತಿಳಿಯದು, ಅದಕ್ಕೂ ತಿಳಿಯದು.

ಪುಣೆಯ ಒಂದು ಓಣಿಯಲ್ಲಿ ನಮ್ಮಿಬ್ಬರನ್ನೂ ಒಂದೇ ತಗಡಿನಿಂದ ಬಡಿದು ಮಾಡಿದರು. ಒಂದೇ ಸುತ್ತಿಗೆ, ಒಂದೇ ಕೈ. ಹೊಟ್ಟೆ ಅಗಲ, ಬಾಯಿ ಸ್ವಲ್ಪ ಕಿರಿದು. ಒಳಗೆ ತವರದ ಕಲಾಯಿ ಹಾಕಿದಾಗ ಇಬ್ಬರೂ ಬೆಳ್ಳಗೆ ಹೊಳೆದೆವು. ಶೆಗುಲಾಬಾಯಿ ಎಂಬ ಹುಡುಗಿಯ ಮದುವೆಗೆಂದು ಅವಳ ತಂದೆ ನಮ್ಮನ್ನು ಕೊಂಡರು.

"ಒಂದು ದೊಡ್ಡದು, ಒಂದು ಸಣ್ಣದು ತಗೊಳ್ಳಿ. ಒಂದರೊಳಗೊಂದು ಕೂರುತ್ತವೆ" ಎಂದ ಅಂಗಡಿಯವನು.

"ನಮ್ಮ ಮನೆಯಲ್ಲಿ ಒಂದರೊಳಗೊಂದು ಕೂರಬಾರದು" ಎಂದರು ಅವರು.

ಆ ಮಾತಿನ ಅರ್ಥ ಹುಬ್ಬಳ್ಳಿಗೆ ಬಂದ ಮೇಲೆ ತಿಳಿಯಿತು. ಶೆಗುಲಾಬಾಯಿಯ ಗಂಡನಿಗೆ ಅಲ್ಲಿ ರೈಲ್ವೆ ಕೆಲಸ. ಅವರು ಬೆನೆ ಇಸ್ರೇಲ್ ಯಹೂದಿಗಳು. ಮನೆಯೊಳಗೆ ಮರಾಠಿ, ಪ್ರಾರ್ಥನೆಗೆ ಹೀಬ್ರೂ, ಹೊಸ್ತಿಲಾಚೆ ಕನ್ನಡ. ಅವರಲ್ಲಿ ಮಾಂಸದ ಪಾತ್ರೆಗೆ ಹಾಲು ಸೋಕಬಾರದು, ಹಾಲಿನ ಪಾತ್ರೆಗೆ ಮಾಂಸ ಸೋಕಬಾರದು. ಒಂದು ಬೋಗುಣಿಯನ್ನು ಒಲೆಯ ಪಕ್ಕದ ಹಲಗೆಯ ಮೇಲಿಟ್ಟರು, ಅದು ಮಾಂಸಕ್ಕೆ. ಇನ್ನೊಂದನ್ನು ಕಿಟಕಿಯ ಪಕ್ಕ, ಅದು ಹಾಲಿಗೆ. ಗುರುತು ಹಾಕಲಿಲ್ಲ. ಇಟ್ಟ ಜಾಗವೇ ಗುರುತು.

ವರ್ಷಕ್ಕೊಮ್ಮೆ ಪೇಸಾಖ್ ಹಬ್ಬಕ್ಕೆ ಮುಂಚೆ ನಮಗೆ ಹೊಸ ಕಲಾಯಿ ಆಗುತ್ತಿತ್ತು. ಹಳೆಯದರ ಸೋಂಕು ಹಬ್ಬಕ್ಕೆ ಉಳಿಯಬಾರದು ಎಂದು. ನಮ್ಮ ನೆನಪು ಇರುವುದು ಒಳಗಿನ ತವರದಲ್ಲಿ. ಬೆಂಕಿಯ ಮೇಲೆ ಹಳೇ ತವರ ಕರಗಿ ಅರಿವೆಯಲ್ಲಿ ಒರೆಸಿಹೋದರೆ ಉಂಡದ್ದು, ಕುದಿಸಿದ್ದು ಎಲ್ಲ ಹೋಗುತ್ತದೆ. ಮನೆ ನೆನಪಿರುತ್ತದೆ, ಜನ ನೆನಪಿರುತ್ತಾರೆ, ನಾನು ಯಾರೆಂಬುದು ಮಾತ್ರ ಇರುವುದಿಲ್ಲ. ತಿರುಗಿ ತಂದು ಯಾವ ಹಲಗೆಯ ಮೇಲೆ ಇಟ್ಟರೋ ಅದು ನಾನು. ಅದಕ್ಕೇ ಶೆಗುಲಾಬಾಯಿಯ ಮಗ ಎಜ್ರಾ ದೊಡ್ಡವನಾದ ಮೇಲೆ ಒಂದು ದಿನ ಮಾಂಸದ್ದನ್ನು, ಮರುದಿನ ಹಾಲಿನದನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಕಲಾಯಿಯ ಮಾಬುಸಾಬನ ಹತ್ತಿರ ಹೋಗುತ್ತಿದ್ದ. ಇಬ್ಬರನ್ನೂ ಒಟ್ಟಿಗೆ ಒಯ್ದದ್ದಿಲ್ಲ.

ಎಜ್ರಾನ ಹೆಂಡತಿ ರಿಬ್ಕಾ ಠಾಣೆಯಿಂದ ಬಂದವಳು. ಅಲ್ಲಿ ಬಾಲವಾಡಿಯಲ್ಲಿ ಕಲಿಸುತ್ತಿದ್ದಳು, ಇಲ್ಲೂ ರೈಲ್ವೆ ಕ್ವಾರ್ಟರ್ಸಿನ ಬಾಲವಾಡಿಗೆ ಸೇರಿದಳು. ಅವಳ ಕನ್ನಡ ಶುರುವಾದದ್ದು ಮಕ್ಕಳಿಂದ, ಹಾಗಾಗಿ ಬಹಳ ದಿನ ಅವಳು ಪೋಸ್ಟ್‌ಮ್ಯಾನ್‌ನನ್ನೂ ಮಕ್ಕಳ ಧಾಟಿಯಲ್ಲೇ ಮಾತಾಡಿಸುತ್ತಿದ್ದಳು. ಬೆಳ್ಳುಳ್ಳಿ ಸುಲಿಯುತ್ತ ಮರುದಿನದ ಹಾಡು ಕಲಿಯುತ್ತಿದ್ದಳು. ಅಡುಗೆಮನೆಯಲ್ಲಿ ಕತ್ತರಿಸಿದ ಕಾಗದದ ಗಿಳಿಗಳು ಬಿದ್ದಿರುತ್ತಿದ್ದವು.

ಶುಕ್ರವಾರ ಸಂಜೆ ಅವಳು ಗಾಜಿನ ಲೋಟದಲ್ಲಿ ಎಣ್ಣೆ ದೀಪ ಹಚ್ಚುತ್ತಿದ್ದಳು, ಕಪ್ಪು ದ್ರಾಕ್ಷಿ ನೆನೆಸಿದ ಶರಬತ್ತು ಮಾಡುತ್ತಿದ್ದಳು. ಒಮ್ಮೆ ಬಾಲವಾಡಿಯ ಒಂದು ಹುಡುಗಿ ತಾಯಿಯ ಜೊತೆ ಬಂದವಳು ಗೋಡೆಯನ್ನೆಲ್ಲ ನೋಡಿ, "ಟೀಚರ್, ನಿಮ್ಮ ದೇವರ ಫೋಟೋ ಎಲ್ಲೈತ್ರಿ?" ಎಂದಳು.

"ನಮ್ಮ ದೇವರು ಫೋಟೋ ತೆಗೆಸಿಕೊಂಡಿಲ್ಲ ಪುಟ್ಟಿ."

"ಯಾಕ್ರಿ, ನಾಚಿಕೀನ?"

ಒಳಗೆ ಶೆಗುಲಾಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಸೊಸೆಗೆ, "ನಿನ್ನ ಮಕ್ಕಳು ನನಗಿಂತ ಚೆನ್ನಾಗಿ ಕೇಳುತ್ತವೆ" ಎಂದರು. ಅವರನ್ನು ರಿಬ್ಕಾ 'ಆಯಿ' ಎನ್ನುತ್ತಿದ್ದಳು, ಅಮ್ಮ ಎಂಬಂತೆ.

ಒಂದು ಭಾನುವಾರ ಎಜ್ರಾ ಮಧ್ಯಾಹ್ನ ಮಟನ್ ಸಾರು, ಅನ್ನ ಉಂಡು ಎರಡನೇ ಪಾಳಿಗೆ ಹೋದ. ವರ್ಕ್‌ಶಾಪಿನಲ್ಲಿ ಎದೆನೋವೆಂದು ಕುಳಿತವನು ಏಳಲಿಲ್ಲ. ಮಕ್ಕಳಿರಲಿಲ್ಲ.

ಸೂತಕದ ವಾರ ಒಲೆ ಹಚ್ಚಲಿಲ್ಲ. ಅತ್ತೆ ಸೊಸೆ ಚಾಪೆಯ ಮೇಲೆ ಕುಳಿತಿರುತ್ತಿದ್ದರು. ಜನ ಬರುವುದು, ಹೋಗುವುದು ನನಗೆ ಕೇಳಿಸುತ್ತಿತ್ತು. ಪಕ್ಕದ ಮನೆಯ ಗಂಗವ್ವ ರೊಟ್ಟಿ, ಪಲ್ಯ ತಂದು ಎದುರಿಗೆ ಕುಳಿತು ತಿನ್ನಿಸುತ್ತಿದ್ದಳು. ವಾರ ಕಳೆದ ಮೇಲೆ ರಿಬ್ಕಾ ಬಾಲವಾಡಿಗೆ ಹೋದಳು, ಬಂದಳು. ಏನು ಕಲಿಸಿದಳೋ. ಗಿಳಿಗಳು ಬೀಳಲಿಲ್ಲ.

ಪೇಸಾಖ್ ಹತ್ತಿರ ಬಂತು. ಒಂದು ಬೆಳಿಗ್ಗೆ ರಿಬ್ಕಾ ಬಾಲವಾಡಿಗೆ ಹೋಗಿದ್ದಳು, ಶೆಗುಲಾಬಾಯಿ ಮಲಗಿದ್ದರು. ಗಂಗವ್ವ ಒಳಗೆ ಬಂದು ನಮ್ಮಿಬ್ಬರನ್ನೂ ಒಂದೇ ಚೀಲಕ್ಕೆ ಹಾಕಿಕೊಂಡಳು. ಆ ಚೀಲದಲ್ಲಿ ನಾವು ಶೆಗುಲಾಬಾಯಿಯ ಮದುವೆಯ ನಂತರ ಮೊದಲ ಸಲ ಮೈಗೆ ಮೈ ತಾಗಿ ಕೂತೆವು. ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು. ಮಾಬುಸಾಬ ತಿದಿ ಒತ್ತಿ ಇಬ್ಬರನ್ನೂ ಕಾಯಿಸಿದ, ಒರೆಸಿದ, ಹೊಸ ತವರ ಸವರಿದ. ಗಂಗವ್ವ ತಂದು ಇಬ್ಬರನ್ನೂ ಒಲೆಯ ಮುಂದೆ ಬೋರಲು ಹಾಕಿ ಹೋದಳು.

ರಿಬ್ಕಾ ಬಂದಳು, ಅನ್ಯಮನಸ್ಕಳಾಗಿ ಕೈಗೆ ಸಿಕ್ಕಿದ ಬೋಗುಣಿಯಲ್ಲಿ ಹಾಲು ಕಾಯಿಸಿದಳು. ಹಾಲು ಉಕ್ಕಿದಾಗ ಇನ್ನೊಂದನ್ನು ನೋಡಿದಳು. ಆಮೇಲೆ ಎರಡು ಹಲಗೆಗಳನ್ನೂ ನೋಡಿದಳು. ಎರಡೂ ಖಾಲಿ.

ಗಂಗವ್ವನನ್ನು ಕರೆದಳು. "ಯಾವುದು ಎಲ್ಲಿತ್ತು ನೆನಪೈತೇನ್ರಿ?"

"ಎರಡೂ ಒಂದ ಥರಾ ಅದಾವಲ್ರಿ ಟೀಚರ್ರ. ಎಜ್ರಾ ಅಣ್ಣಾರು ಇಲ್ಲ, ಹಬ್ಬಾ ಬಂತು, ಯಾರು ಒಯ್ತಾರ ಅಂತ ನಾನ ಒಯ್ದೆ. ನಾವು ಮಾಂಸದ ಪಾತ್ರಿ ಮುಟ್ಟಂಗಿಲ್ರಿ. ಮನಸ್ಸು ಗಟ್ಟಿ ಮಾಡಿ ಮುಟ್ಟೀನಿ. ಏನರ ತಪ್ಪಾತೇನ್ರಿ?"

"ಇಲ್ಲರಿ. ಚೊಲೋ ಆತು" ಎಂದಳು ರಿಬ್ಕಾ.

ಶೆಗುಲಾಬಾಯಿ ಎದ್ದು ಬಂದು ನಮ್ಮಿಬ್ಬರನ್ನೂ ಕಿಟಕಿಯ ಬೆಳಕಿಗೆ ಹಿಡಿದರು. ನನ್ನ ತಳ ಸವರಿ, "ಇದು ಮಾಂಸದ್ದು" ಎಂದರು. ಇನ್ನೊಂದರ ತಳ ಸವರಿ, "ಅಲ್ಲ, ಇದು" ಎಂದರು. ಮತ್ತೆ ನನ್ನನ್ನು ಎತ್ತಿಕೊಂಡರು. ನನಗೆ ಹೇಳಲು ಬಾಯಿದ್ದರೂ ಹೇಳುವುದಕ್ಕೆ ಏನೂ ಇರಲಿಲ್ಲ.

ಅಂದಿನಿಂದ ಅವರು ಉಣ್ಣುವುದನ್ನು ಬಿಟ್ಟರು. ಬಾಳೆಹಣ್ಣು ತಿನ್ನುತ್ತಿದ್ದರು, ಹುರಿದ ಶೇಂಗಾ ತಿನ್ನುತ್ತಿದ್ದರು, ಅದೂ ಸಾಕೆಂಬಂತೆ. ರಿಬ್ಕಾ ಪೇಟೆಯಿಂದ ಸ್ಟೀಲಿನ ಹೊಸ ಪಾತ್ರೆ ತಂದು ಅನ್ನ ಮಾಡಿದಳು.

"ಇದರಲ್ಲಿ ಸಂಶಯ ಏನೂ ಇಲ್ಲ ಆಯಿ. ಎರಡು ತುತ್ತು ಉಣ್ಣಿ."

"ನೀನು ಉಣ್ಣು."

"ಬರೀ ಬಾಳೆಹಣ್ಣಿನಲ್ಲಿ ಎಷ್ಟು ದಿನ ಇರುತ್ತೀರಿ?"

"ವಯಸ್ಸಾಯಿತು, ಇನ್ನೆಷ್ಟು ಬೇಕು ನನಗೆ?"

ಹಬ್ಬದ ಮುನ್ನಾದಿನದ ಹೊತ್ತಿಗೆ ಶೆಗುಲಾಬಾಯಿ ಗೋಡೆ ಹಿಡಿದು ನಡೆಯುವಂತಾದರು. ಗಂಗವ್ವ ಬಾಗಿಲಲ್ಲಿ ನಿಂತು, "ಮುದುಕಿ ಮಗನ ಹಿಂದ ಹೋಗ್ತಾಳ್ರಿ ಟೀಚರ್ರ, ಏನರ ಮಾಡ್ರಿ" ಎಂದು ಪಿಸುಗುಟ್ಟಿದಳು. ರಿಬ್ಕಾ ಬೂತಿಗೆ ಹೋಗಿ ಪುಣೆಗೆ ಫೋನ್ ಮಾಡಿ ಬಂದಳು. ಅಲ್ಲಿ ಅವರ ಪ್ರಾರ್ಥನೆ ನಡೆಸುವ ರಹಾಮಿಮ್ ಕಾಕಾ ಇದ್ದರು. ಬಂದವಳ ಮುಖದಲ್ಲಿ ಬಹಳ ದಿನಗಳ ಮೇಲೆ ಏನೋ ಗೆಲುವು.

"ಆಯಿ, ಕಾಕಾ ಹೇಳಿದರು. ಕಲಾಯಿಯ ಬೆಂಕಿ ತಾಗಿದ ಮೇಲೆ ಹಳೆಯದೇನೂ ಉಳಿಯುವುದಿಲ್ಲವಂತೆ. ಎರಡೂ ಈಗ ಹೊಸ ಪಾತ್ರೆಗಳೇ. ಯಾವುದನ್ನು ಯಾವುದಕ್ಕೆ ಬೇಕಾದರೂ ಇಟ್ಟುಕೊಳ್ಳಬಹುದು."

ಶೆಗುಲಾಬಾಯಿ ನಮ್ಮಿಬ್ಬರನ್ನೂ ಹತ್ತಿರಕ್ಕೆ ಎಳೆದುಕೊಂಡರು.

"ಮಾಂಸ, ಹಾಲು ಎಂದು ನಾನು ಕೂತಿದ್ದೇನೆಂದು ತಿಳಿದೆಯಾ ನೀನು?" ಎಂದರು. "ಅವನು ಕೊನೆಯ ಸಲ ಉಂಡದ್ದು ಇವುಗಳಲ್ಲಿ ಒಂದರಲ್ಲಿ ಬೇಯಿಸಿದ್ದು. ಯಾವುದರಲ್ಲಿ ಅಂತ ನನಗೆ ಬೇಕಿತ್ತು. ಅಷ್ಟೆ."

ರಿಬ್ಕಾ ಚಾಪೆಯ ಮೇಲೆ ಕುಳಿತಳು. ಆ ಭಾನುವಾರ ಸಾರು ಮಾಡಿದವಳು ಅವಳೇ, ಬಡಿಸಿದವಳೂ ಅವಳೇ. ಅದು ಯಾವ ಬೋಗುಣಿಯೆಂದು ಅವಳ ಕೈಗೂ ಗೊತ್ತಿರಲಿಲ್ಲ. ಅವಳು ನನ್ನನ್ನು ನೋಡಿದಳು, ನನ್ನ ಜೋಡಿಯನ್ನು ನೋಡಿದಳು. ಅವನ ಸಾರು ಬೆಂದದ್ದು ನನ್ನಲ್ಲೇ ಇರಬಹುದೇ ಎಂದು ಯೋಚಿಸಿದೆ. ಒಳಗೆಲ್ಲ ತವರ, ಬಿಳುಪು. ಏನೂ ಸಿಗಲಿಲ್ಲ.

ಸಂಜೆಯಾಗುವ ಮೊದಲು ಅವಳು ಎದ್ದಳು. ತೆಂಗಿನಕಾಯಿ ಒಡೆದಳು, ತುರಿದು ಹಿಂಡಿದಳು. ತೆಂಗಿನ ಹಾಲು ಅವರ ಲೆಕ್ಕದಲ್ಲಿ ಹಾಲೂ ಅಲ್ಲ, ಮಾಂಸವೂ ಅಲ್ಲ, ಯಾವ ಪಾತ್ರೆಯಲ್ಲಾದರೂ ಕಾಯಿಸಬಹುದು. ತೊಳೆದ ಅಕ್ಕಿಯನ್ನು ಎರಡು ಪಾಲು ಮಾಡಿ, ಒಂದನ್ನು ನನ್ನಲ್ಲಿ, ಒಂದನ್ನು ನನ್ನ ಜೋಡಿಯಲ್ಲಿ ಹಾಕಿದಳು. ಸ್ಟವ್ವಿನ ಎರಡು ಒಲೆಗಳ ಮೇಲೆ ನಾವು ಒಟ್ಟಿಗೆ ಕುದಿದೆವು.

ತಟ್ಟೆಯಲ್ಲಿ ಅತ್ತ ಒಂದು ಸೌಟು, ಇತ್ತ ಒಂದು ಸೌಟು ಬಡಿಸಿ ಅತ್ತೆಯ ಮುಂದಿಟ್ಟಳು.

"ಎರಡರಲ್ಲೂ ಮಾಡಿದ್ದೇನೆ ಆಯಿ. ಅವರು ಉಂಡದ್ದು ಇವೆರಡರಲ್ಲಿ ಒಂದರದು. ಯಾವುದೋ ನನಗೆ ಗೊತ್ತಿಲ್ಲ. ಎರಡನ್ನೂ ಉಂಡರೆ ಅದನ್ನೂ ಉಂಡಂತೆ."

ಶೆಗುಲಾಬಾಯಿ ಆ ಕಡೆಯಿಂದ ಒಂದು ತುತ್ತು, ಈ ಕಡೆಯಿಂದ ಒಂದು ತುತ್ತು ತೆಗೆದುಕೊಂಡರು. ಬೆರೆಸಲಿಲ್ಲ. ತಟ್ಟೆ ಖಾಲಿಯಾದ ಮೇಲೆ, "ನೀನೂ ಹಾಕಿಕೋ" ಎಂದರು. ರಿಬ್ಕಾ ಹಾಗೆಯೇ ಎರಡು ಕಡೆ ಬಡಿಸಿಕೊಂಡಳು.

ಮರುದಿನ ನಮ್ಮಿಬ್ಬರನ್ನೂ ಒಂದೇ ಹಲಗೆಯ ಮೇಲಿಟ್ಟರು. ಆಮೇಲೆ ನಮ್ಮಲ್ಲಿ ಮಾಂಸವನ್ನೂ ಬೇಯಿಸಲಿಲ್ಲ, ಹಾಲನ್ನೂ ಕಾಯಿಸಲಿಲ್ಲ. ಅನ್ನ, ಬೇಳೆ, ಬಾಲವಾಡಿಯ ಮಕ್ಕಳಿಗೆ ಹೆಸರುಕಾಳಿನ ಉಸುಳಿ. ಶೆಗುಲಾಬಾಯಿ ಇನ್ನೂ ಕೆಲವು ವರ್ಷ ಇದ್ದರು, ಉಂಡುಕೊಂಡೇ ಇದ್ದರು.

ಈಗ ರಿಬ್ಕಾಳ ತಲೆ ನರೆತಿದೆ. ಬಾಲವಾಡಿಗೆ ಬೇರೆ ಟೀಚರ್ ಬಂದಿದ್ದಾಳೆ. ನನ್ನ ತಳ ಸವೆದು ತೂತು ಬಿದ್ದಿದೆ. ಮಾಬುಸಾಬನ ಅಂಗಡಿ ಇಲ್ಲ, ಕಲಾಯಿ ಮಾಡುವವರೂ ಸಿಗುವುದಿಲ್ಲ. ನಾನು ಮಂಚದ ಕೆಳಗೆ, ಜೋಡಿಯ ಪಕ್ಕ, ಇರುತ್ತೇನೆ. ಮೊನ್ನೆ ಗುಜರಿಯವನು ಬಾಗಿಲಲ್ಲಿ ನಿಂತು ಬಗ್ಗಿ ನೋಡಿದ.

"ಅಮ್ಮಾರ, ತೂತು ಬಿದ್ದದ್ದು ಇಟ್ಕೊಂಡು ಏನ್ ಮಾಡ್ತೀರಿ? ಅದೊಂದು ಕೊಡ್ರಿ. ಚೊಲೋದು ನಿಮಗ ಇರ್ಲಿ."

"ಅದ ಇದ್ದರ?" ಎಂದಳು ರಿಬ್ಕಾ.

"ಯಾವುದ್ರಿ?"

ಅವಳು ಬಾಗಿಲು ಮುಂದೆ ಮಾಡಿದಳು. ನಾನು ಅದೇ ಇರಬಹುದು. ಇಲ್ಲದಿರಲೂಬಹುದು. ಅಷ್ಟರ ಮೇಲೆಯೇ ನನ್ನನ್ನು ಇಟ್ಟುಕೊಂಡಿದ್ದಾಳೆ.