ಬಲಗಿವಿಯ ಗುರುತು

ಮುಸ್ಲಿಂ ದೇಶಗಳಲ್ಲಿ ಕಾನೂನು ಗುಲಾಮಗಿರಿಯನ್ನು ಹೇಗೆ ತೆಗೆದುಹಾಕಿತು ಅನ್ನುವುದು ನನ್ನ ಸಂಶೋಧನೆ. ಐಮಂಗಲದ ಕುರಿಯವರ ಮಗಳಿಗೆ ಅರಬರ ಉಸಾಬರಿ ಯಾಕೆ ಎಂದು ಕೇಳಿದವರಿಗೆಲ್ಲ ನಾನು ಮುಖದ ಮೇಲೆ ಹೊಡೆದಂತೆ ಜವಾಬು ಕೊಟ್ಟಿದ್ದೇನೆ. ಅರಬ್ಬಿ ಕಾಗದಗಳನ್ನು ನನಗೆ ಓದಿ ಹೇಳುವವರು ಹೊಸದುರ್ಗದ ಹಳೇ ವಕೀಲರಾದ ಜಿಲಾನಿ ಸಾಹೇಬರು.

ಅವತ್ತು ಕೊನೆಯ ಅಧ್ಯಾಯ ನಡೆದಿತ್ತು. ಟ್ಯುನೀಸಿನ ದೊರೆ 1846ರಲ್ಲೇ ಧರ್ಮಶಾಸ್ತ್ರಿಗಳ ಒಪ್ಪಿಗೆ ಪಡೆದು ಗುಲಾಮರನ್ನು ಬಿಡಿಸಿದ್ದ. ಮೊರಿಟೇನಿಯಾ 1981ರಲ್ಲಿ ಗುಲಾಮಗಿರಿ ರದ್ದು ಮಾಡಿತಾದರೂ, ಗುಲಾಮರನ್ನು ಇಟ್ಟುಕೊಂಡವರಿಗೆ ಶಿಕ್ಷೆ ಎಂದು ಬರೆಯುವಷ್ಟರಲ್ಲಿ 2007 ಬಂದಿತ್ತು.

“ಅಲ್ಲೀತಂಕ ಯಜಮಾನ್ರು ಏನಂತಿದ್ರು ಸಾಹೇಬ್ರೆ?” ಎಂದೆ.

“ಎಲ್ಲಾ ಯಜಮಾನ್ರೂ ಅನ್ನೋದೇ. ಅವ್ನು ನಮ್ಮನೆ ಮಗ ಇದ್ದಂಗೆ ಅಂತ. ಅದಕ್ಕೆ ಯಾವ ಧರ್ಮ ಆದ್ರೇನವ್ವ?”

ನನ್ನ ಪೆನ್ನು ನಿಂತಿತು. ಆ ಮಾತು ನಮ್ಮಪ್ಪ ಕಾಟಲಿಂಗಪ್ಪನದು.

ನಮ್ಮ ಕುರಿ ಕಾಯುವ, ನಾನು ಮಾವ ಎಂದು ಕರೆಯುವ ಓಬಯ್ಯನನ್ನು ಅವನ ಅಪ್ಪ ಸಾಲಕ್ಕೆಂದು ನಮ್ಮ ತಾತನ ಹತ್ತಿರ ಬಿಟ್ಟುಹೋಗಿದ್ದು ಈ ದೇಶದಲ್ಲಿ ಜೀತ ರದ್ದಾದ 1976ರಲ್ಲೇ. ಕುರಿ ಕಾಯುವವನಿಗೆ ವರ್ಷಕ್ಕೊಂದು ಮರಿ ಸಂಬಳ ಕೊಟ್ಟು, ಅದರ ಕಿವಿಗೆ ಅವನದೇ ಗುರುತು ಕೊಯ್ಯುವುದು ನಮ್ಮ ಕಡೆಯ ಪದ್ಧತಿ. ಮಾವನಿಗೆ ಮರಿಯೂ ಇಲ್ಲ, ಗುರುತೂ ಇಲ್ಲ. ಮನೆ ಮಗನಿಗೆ ಬೇರೆ ಗುರುತು ಯಾಕೆ ಅಂತ ಅಪ್ಪ ಅನ್ನುತ್ತಿದ್ದ. ಈಗ ಬಿ.ದುರ್ಗದಲ್ಲಿ ಒಂಟಿಯಾಗಿರುವ ಅವನ ಅಕ್ಕ ಗಂಗಕ್ಕ ಬಾ ಬಾ ಎಂದು ಕರೆಯುತ್ತಿದ್ದಳು. ಬರಿಗೈಯಲ್ಲಿ ಹೋಗಿ ಅವಳ ಅನ್ನಕ್ಕೆ ಕೂರಲಾರೆ ಎಂದು ಮಾವ ಹೋಗಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ಭಾನುವಾರ ಹಟ್ಟಿಯಲ್ಲಿ ಹೊಸ ಮರಿಗಳಿಗೆ ಗುರುತು ಹಾಕುತ್ತಿದ್ದರು. ಮಾವ ಮರಿ ಹಿಡಿದಿದ್ದ, ಅಪ್ಪ ಎಡಗಿವಿ ಕೊಯ್ಯುತ್ತಿದ್ದ. ಅಕ್ಕಪಕ್ಕದವರೂ ಇದ್ದರು. ಒಳ್ಳೆಯದೇ ಆಯಿತು ಅಂದುಕೊಂಡೆ.

“ಅಪ್ಪ, ಮಾವನ ಕುರಿ ಯಾವವು?”

“ಎಲ್ಲಾ ಅವನವೇ. ನಮ್ಮನೆ ಮಗ ಅಲ್ವೇನವ್ವ ಅವ್ನು?”

“ಮಗ ಆದ್ರೆ ಅರ್ಧ ಪಾಲು ಕೊಡು. ಆಳಾದ್ರೆ ಇಷ್ಟು ವರ್ಷದ ಸಂಬಳದ ಮರಿ ಕೊಡು. ಎರಡ್ರಾಗೆ ಒಂದು ಹೇಳು.”

“ಓದ್ಸಿದ್ದಕ್ಕೆ ನಂಗೇ ಕಾನೂನು ಹೇಳ್ತೀಯೇನೇ?”

“ಹೂಂ. ಇಲ್ಲಾಂದ್ರೆ ನನ್ನ ಪುಸ್ತಕದ ಕೊನೆ ಅಧ್ಯಾಯದಾಗೆ ನಿನ್ನ ಹೆಸರು ಐತೆ.”

ಪಕ್ಕದವರು ಕಿಸಕ್ಕನೆ ನಕ್ಕರು. ಅಪ್ಪ ಮಗ ಅನ್ನಲಿಲ್ಲ, ಆಳು ಅನ್ನಲೂ ಇಲ್ಲ. ಚಾಕುವನ್ನು ಮಾವನ ಮುಂದೆ ಇಟ್ಟ.

“ವರ್ಷಕ್ಕೊಂದರಂಗೆ ಆರಿಸ್ಕೊ ಹೋಗು.”

ಮಾವ ಚಾಕು ಎತ್ತಿಕೊಂಡ. ಅವನು ನನ್ನನ್ನೇ ನೋಡಿದ.

“ಎಡಗಿವಿ ನಿಮ್ದು. ನಂದು ಬಲಗಿವಿ ಆಗ್ಲೇನವ್ವ?”

“ಆಗ್ಲಿ ಮಾವ,” ಅಂದೆ. ಅಳು ಬಂತು, ಅತ್ತುಬಿಟ್ಟೆ.

ಬೆಳಿಗ್ಗೆ ಅವನು ತನ್ನ ಕುರಿ ಬೇರೆ ಮಾಡಿಕೊಂಡು, ಕಂಬಳಿ ಹೆಗಲಿಗೆ ಹಾಕಿ ಅಕ್ಕನ ಊರಿಗೆ ಹೊರಟ. ದಾರಿಗಿಳಿದು ನಾಲಿಗೆ ಹೊರಳಿಸಿ ಒಂದು ಕೂಗು ಹಾಕಿದ. ಬಲಗಿವಿಯವು ಹೋದವು. ಅವುಗಳ ಹಿಂದೆ, ಕುರಿ ಕೂಡಿಹಾಕುವ ರೊಪ್ಪದ ಬೇಲಿ ನೂಕಿಕೊಂಡು ಎಡಗಿವಿಯವೂ ಅಷ್ಟೂ ಹೋದವು. ಅಪ್ಪ ಗಂಟಲು ಹರಿಯುವಂತೆ ಕೂಗಿದ. ಒಂದೂ ತಿರುಗಿ ನೋಡಲಿಲ್ಲ. ಅವು ಹುಟ್ಟಿದಾಗಿಂದ ಕೇಳಿದ್ದು ಮಾವನ ದನಿ ಒಂದೇ.

“ಲೇ ಓಬಯ್ಯ, ನಿಂತ್ಕಳಪ್ಪ! ಇವನ್ನ ಯಾರು ಕಾಯ್ತಾರೆ?”

ಮಾವ ನಿಂತ. ಕುರಿಗಳೆಲ್ಲ ಅವನ ಸುತ್ತ ನಿಂತವು. ನಾನು ಅವನ ಬಾಯಲ್ಲಿ ಎಂದೂ ಕೇಳದಿದ್ದ ಮಾತನ್ನು ಅವನು ಆರಾಮಾಗಿ ಆಡಿದ.

“ಸಂಬಳ ಏನು ಕೊಡ್ತೀರಿ, ಯಜಮಾನ್ರೆ?”