ಬೈಯುವುದಕ್ಕೊಂದು ನಂಬರ್

"ನಿನ್ನ ಮನೆ ಹಾಳಾಗ! ನಿನ್ನ ಕೈ ಸೇದಿಹೋಗ!"

ಆ ಶಾಪ ಕಿವಿಗೆ ಬಿದ್ದಾಗ ಮೆಕ್ಯಾನಿಕ್ ಲಿಫ್ಟಿನ ನೆತ್ತಿಯ ಮೇಲೆ ಮಂಡಿಯೂರಿ ಕೂತು ಉಕ್ಕಿನ ಹಗ್ಗವನ್ನು ಹಳೇ ಬಟ್ಟೆಯಿಂದ ಸವರುತ್ತಿದ್ದ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಎಳೆ ಹರಿದಿದೆ ಎಂದರ್ಥ. ಕೈತುಂಬ ಗ್ರೀಸು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಿದ್ದ.

"ಅಮ್ಮಾ, ನಾನು ಲಿಫ್ಟ್ ರಿಪೇರಿ ಮಾಡೋನು. ನಿಮಗೆ ಫೋನ್ ಮಾಡಿದ್ದು ನಾನಲ್ಲ."

"ಮತ್ತೆ ನಿನ್ನ ನಂಬರ್ ನನ್ನ ಫೋನಿಗೆ ಹೇಗೆ ಬಂತು? ತಾನಾಗೇ ನಡ್ಕೊಂಡು ಬಂತಾ?"

ಇದೇ ಪ್ರಶ್ನೆಯನ್ನು ಅವನೂ ಫೋನಿನ ಅಂಗಡಿಯವನ ಮುಂದಿಟ್ಟಿದ್ದ. ವಾರದಿಂದ ಗುರುತುಪರಿಚಯವಿಲ್ಲದವರೆಲ್ಲ ಕರೆ ಮಾಡಿ ಕಳ್ಳ, ಖದೀಮ ಎಂದು ಉಗಿಯುತ್ತಿದ್ದರು. ಅಂಗಡಿಯವನಿಗೆ ಇದು ಹೊಸದೇನಲ್ಲ.

"ಕಾಗದ ಹಾಕೋವಾಗ ಕಳಿಸಿದೋರ ವಿಳಾಸ ಅಂತ ಯಾರ ಹೆಸರು ಬೇಕಾದ್ರೂ ಬರೀಬಹುದಲ್ವಾ? ಇದೂ ಹಾಗೇ. ಎಲ್ಲೋ ಕೂತ್ಕೊಂಡು ನಿಮ್ಮ ನಂಬರ್ ತೋರಿಸೋ ಹಾಗೆ ಫೋನ್ ಮಾಡ್ತಾರೆ. ನಿಮ್ಮ ಫೋನಿಗೆ ಏನೂ ಆಗಿಲ್ಲ. ಕಂಪ್ಲೇಂಟ್ ಕೊಡಿ. ಸ್ವಲ್ಪ ದಿನಕ್ಕೆ ಅವರೇ ಬೇರೆ ನಂಬರ್ ಹಿಡೀತಾರೆ."

ಕಂಪ್ಲೇಂಟೂ ಕೊಟ್ಟಾಯಿತು. ಬೈಗುಳ ಮಾತ್ರ ನಿಲ್ಲಲಿಲ್ಲ. ಮನೆಯಲ್ಲಿ ಹೆಂಡತಿ ಮೊದಮೊದಲು ನಕ್ಕಳು. "ಮೊಸರು ತಿಂದ ಕೋತಿ ಎಲ್ಲೋ ಇದೆ, ಬಾಯಿಗೆ ಒರೆಸಿಸ್ಕೊಂಡ ಮೇಕೆ ನಮ್ಮನೇಲಿದೆ" ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದಳು. ಒಂದು ದಿನ ತಾನೇ ಫೋನ್ ಎತ್ತಿಕೊಂಡು, ಕೇಳಬಾರದ್ದನ್ನೆಲ್ಲ ಕೇಳಿಸಿಕೊಂಡ ಮೇಲೆ ಅವಳ ನಗು ನಿಂತಿತು.

"ಸುಡ್ಲಿ, ಆ ನಂಬರ್ ಬಿಟ್ಟುಬಿಡಿ."

"ಅದು ಊರಿನ ಎಷ್ಟೋ ಲಿಫ್ಟಿನೊಳಗೆ ಅಂಟಿಸಿದೆ ಕಣೇ. ಸಿಕ್ಕಾಕ್ಕೊಂಡೋರು ಫೋನ್ ಮಾಡಿದಾಗ 'ಈ ನಂಬರ್ ಚಾಲ್ತಿಯಲ್ಲಿಲ್ಲ' ಅಂತ ಬಂದ್ರೆ?"

ಮಿಕ್ಕವರೆಲ್ಲ ಒಂದು ಸಲ ಬೈದು ಸುಮ್ಮನಾದರು. ಮನೆ ಹಾಳಾಗ ಎಂದ ಈ ಮುದುಕಿ ಮಾತ್ರ ದಿನಾ ಮಧ್ಯಾಹ್ನ ತಪ್ಪದೆ ಬೈಯುತ್ತಿದ್ದಳು. ಕೊನೆಗೆ ಅವನೂ ರೋಸಿಹೋದ.

"ನಾನಲ್ಲ ಅಂತ ನಿಮಗೂ ಗೊತ್ತಾಗಿದೆ ಅಲ್ವಾ? ಮತ್ಯಾಕಮ್ಮಾ ನನಗೇ ಬೈತೀರಿ?"



"ಗೊತ್ತಪ್ಪಾ. ಆದ್ರೆ ಬೈಯೋಕೆ ನನ್ನ ಹತ್ರ ಬೇರೆ ನಂಬರ್ ಇಲ್ವಲ್ಲ."

 ಆಮೇಲೆ ಅವಳು ಎಲ್ಲ ಹೇಳಿಕೊಂಡಳು. ಬ್ಯಾಂಕಿನಿಂದ ಎಂದು ಒಬ್ಬ ಕರೆ ಮಾಡಿದನಂತೆ. 'ಅಮ್ಮಾ' ಎಂದೇ ಮಾತಾಡಿಸಿದನಂತೆ. ಫೋನಿಗೆ ಬಂದ ಅಂಕಿಗಳನ್ನು ಇವಳು ಕನ್ನಡಕ ಹುಡುಕಿ ಹಾಕಿಕೊಂಡು, ತಪ್ಪಾಗಬಾರದೆಂದು ಎರಡೆರಡು ಸಲ ಓದಿ ಹೇಳಿದ್ದಳು. ಹೋದದ್ದು ಮಗಳ ದುಡ್ಡು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು, ಅಮ್ಮನ ಖಾತೆಯಲ್ಲಿದ್ದರೆ ಭದ್ರ ಎಂದು ಅಲ್ಲಿಟ್ಟಿದ್ದಳು. ಅವಳಿಗೆ ವಿಷಯ ಇನ್ನೂ ತಿಳಿದಿರಲಿಲ್ಲ.

"ಹೇಳಿಬಿಡಿ ಅಮ್ಮಾ. ಮಗಳಲ್ವಾ?"

"ಯಾವ ಮುಖ ಇಟ್ಕೊಂಡು ಹೇಳ್ಲಿ?" ಎಂದು ಅವಳು ಮತ್ತೆ ಬೈಯತೊಡಗಿದಳು.  ಅಂದಿನಿಂದ ಅವನು ಆ ಕರೆ ಬಂದಾಗ, ಮಾಡುತ್ತಿದ್ದ ಕೆಲಸ ನಿಲ್ಲಿಸಿ ಕೇಳಿಸಿಕೊಳ್ಳತೊಡಗಿದ. "ನಾನು ಬೈಯೋದು ಸಾಕಾಗ್ತಿರ್ಲಿಲ್ಲ ಅನ್ಸುತ್ತೆ" ಎಂದಳು ಹೆಂಡತಿ. ಆದರೆ ನಂಬರಿನ ಸುದ್ದಿ ಮತ್ತೆ ಎತ್ತಲಿಲ್ಲ.

ಇವತ್ತು ಕರೆ ಬಂದಾಗ ಅವನು ಇನ್ನೊಂದು ಕಟ್ಟಡದ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದ.

"ನಿನ್ನನ್ನ ತುಂಬಾ ನೋಯಿಸ್ಬಿಟ್ಟೆ ಕಣಪ್ಪಾ. ಮನಸ್ಸಿನಲ್ಲಿ ಇಟ್ಕೋಬೇಡ. ಇನ್ಮೇಲೆ ಮಾಡಲ್ಲ."

ಧ್ವನಿ ಶಾಂತವಾಗಿತ್ತು. ಅವನು ಎದ್ದು ನಿಂತ. ಲಿಫ್ಟಿನಲ್ಲಿ ಸಿಕ್ಕಿಕೊಂಡು ಬಾಗಿಲು ಬಡಿಯುವವರ, ಕಿರುಚುವವರ ಬಗ್ಗೆ ಅವನಿಗೆ ಎಂದೂ ಭಯವಿರಲಿಲ್ಲ. 'ಪರವಾಗಿಲ್ಲ, ನಿಧಾನವಾಗಿ ಬನ್ನಿ' ಎಂದು ಮೆಲ್ಲಗೆ ಹೇಳುವವರಿದ್ದರೆ, ಅವರು ಆಸೆಯನ್ನೇ ಬಿಟ್ಟಿದ್ದಾರೆ ಎಂದು ಹೆದರಿ ಓಡುತ್ತಿದ್ದ.

"ಅಮ್ಮಾ, ಫೋನ್ ಇಡಬೇಡಿ. ಮನೇಲಿ ಯಾರಿದ್ದಾರೆ?"

"ಮಗಳಿದಾಳೆ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದಾಳೆ."

"ಎಬ್ಬಿಸಿ."

"ಪಾಪ, ಈಗ ತಾನೇ ನಿದ್ದೆ ಹತ್ತಿದೆಯಪ್ಪಾ..."

"ಎಬ್ಬಿಸಿ ಅಂದೆ!" ಅಷ್ಟು ಗಟ್ಟಿಯಾಗಿ ಅವನು ಯಾರಿಗೂ ಗದರಿದವನಲ್ಲ. ಮರುಕ್ಷಣ ಸ್ವರ ತಗ್ಗಿಸಿದ. "ನಾನು ಇಲ್ಲೇ ಇರ್ತೀನಿ. ಎದ್ರಾ? ಹಾಂ. ಬಾಗಿಲ ಹತ್ರ ಹೋದ್ರಾ? ಫೋನ್ ಕೈಯಲ್ಲೇ ಇರ್ಲಿ. ತಟ್ಟಿ."

ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು ಕೇಳಿಸಿತು. ತಟ್ಟಿದ ಸದ್ದು. "ಪುಟ್ಟೀ..." ಎಂಬ ಕೂಗು. ಆಮೇಲಿನ ಮಾತು ತಿಳಿಯಲಿಲ್ಲ. ಅವನು ಫೋನನ್ನು ಕಿವಿಗೆ ಒತ್ತಿಕೊಂಡ. ತುಂಬ ಹೊತ್ತು ಕಳೆಯಿತು. ಕೊನೆಗೆ ಯಾರೋ ಫೋನನ್ನು ಕಿತ್ತುಕೊಂಡರು.

"ಲೋ, ನೀನೇನಾ ಆ ಕಳ್ಳ? ಅವತ್ತು ಬ್ಯಾಂಕು ಅಂತ ಬಂದಿದ್ದೂ ಇದೇ ನಂಬರ್! ದುಡ್ಡು ನುಂಗಿದ್ದು ಸಾಲ್ದು ಅಂತ ಈಗ ನಮ್ಮಮ್ಮನ ಪ್ರಾಣ ತಿಂತಿದೀಯಾ? ನಾಚಿಕೆ ಆಗಲ್ವಾ ನಿನಗೆ? ನಿನಗೆ ಹೆತ್ತ ತಾಯಿ ಇಲ್ವಾ?"

ನಾನಲ್ಲ ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಮಗಳ ಧ್ವನಿಯ ಹಿಂದೆ ಇನ್ನೊಂದು ಧ್ವನಿ ಕೇಳಿಸಿತು. ಮುದುಕಿ ಬಾಯಿಬಿಟ್ಟು ಅಳುತ್ತಿದ್ದಳು, ಚಿಕ್ಕ ಮಗುವಿನಂತೆ ಗೊಳೋ ಎಂದು. "ಅವನಲ್ಲ ಕಣೇ, ಅವನಲ್ಲ" ಎಂದು ಬಿಕ್ಕುತ್ತಿದ್ದಳು. "ಅಳಬೇಡಮ್ಮಾ, ದುಡ್ಡು ಹೋದ್ರೆ ಹೋಗ್ಲಿ, ಇಲ್ಲಿ ಬಾ ನನ್ನ ಹತ್ರ" ಎಂದು ಮಗಳು ಅತ್ತ ತಿರುಗಿ ಹೇಳಿದಳು. ಮತ್ತೆ ಇತ್ತ ತಿರುಗಿ ಇನ್ನೂ ಜೋರಾಗಿ ಬೈಯತೊಡಗಿದಳು.

ಅವನು ಮೆಟ್ಟಿಲ ಮೇಲೆ ಮೆಲ್ಲಗೆ ಕುಳಿತುಕೊಂಡ. ಫೋನನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು, ತಲೆಯನ್ನು ಗೋಡೆಗೆ ಒರಗಿಸಿದ. ಅವಳು ಬೈದು ಮುಗಿಸುವ ತನಕ ಹೂಂ ಎನ್ನುತ್ತಾ ಕೂತ.