ಸಪ್ಪಳ ಮಾಡದ ಫ್ಯಾನು

ಒಂಬೈನೂರ ಐವತ್ತರದು ಒಂದು, ಸಾವಿರದ ಆರುನೂರ ಐವತ್ತರದು ಒಂದು, ನಡುವೆ ಏಳುನೂರು ರೂಪಾಯಿ, ಮೇಲೆ ಪೇಸ್ಟಿನ ಕೊಳವೆ ನೂರಾ ಇಪ್ಪತ್ತು, ಜಮಖಂಡಿಗೆ ಹೋಗಿ ಬಂದ ಬಸ್ಸಿನ ಖರ್ಚು ನನ್ನದೇ ಇರಲಿ — ಕಂಪ್ಯೂಟರಿನ ಕೂಲರ್ ಇರುವ ಎರಡೂ ಡಬ್ಬಿ ಐಶ್ವರ್ಯಾಳ ಮೇಜಿನ ಮೇಲೆ ಪಕ್ಕಪಕ್ಕ ಕೂತಿವೆ, ಬೇಡವಾದದ್ದನ್ನು ಸಂಜೆಯೊಳಗೆ ಮರಳಿ ಕೊಡುತ್ತೇನೆಂದು ಅಂಗಡಿಯವನಿಗೆ ಹೇಳಿ ತಂದಿದ್ದೇನೆ, ನೀರು ಹರಿಸಿ ತಂಪು ಮಾಡುವಂಥದ್ದೂ ಅಲ್ಲಿತ್ತು, ನಾಲ್ಕೂವರೆ ಸಾವಿರ, ಅದನ್ನು ಮುಟ್ಟಲೂ ಇಲ್ಲ, ಹನ್ನೊಂದು ಸಾವಿರಕ್ಕೆ ಕೊಂಡ ಹಳೆಯ ಕಂಪ್ಯೂಟರಿಗೆ ಅಷ್ಟು ದುಡ್ಡಿನ ತಂಪು ಯಾರು ಹಾಕುತ್ತಾರೆ, ಹುಡುಗಿ ಫೋನಿನಲ್ಲಿ ವಿಡಿಯೋ ನೋಡಿ ತಾನೇ ಪ್ರೊಸೆಸರಿನ ವೇಗ ಏರಿಸಿದ್ದಾಳೆ, ಜಾಣೆ, ತಪ್ಪೇನೂ ಮಾಡಿಲ್ಲ, ಆದರೆ ವೇಗ ಏರಿದರೆ ಕಾವೂ ಏರುತ್ತದೆ, ಅದರ ಜೊತೆ ಬಂದ ಅಂಗೈಯಗಲದ ಫ್ಯಾನು ಈ ಕಾವಿಗೆ ಯಾತಕ್ಕೂ ಸಾಲದು, ತೊಂಬತ್ತಾರು ಡಿಗ್ರಿ ಮುಟ್ಟಿದೊಡನೆ ಯಂತ್ರ ತಾನಾಗಿ ಆರಿಹೋಗುತ್ತದೆ, ಪರದೆಯ ಮೇಲೆ ಅರ್ಧ ಮೂಡಿದ ಸೀರೆಯ ಸೆರಗಿನ ವಿನ್ಯಾಸ ಅದರೊಂದಿಗೆ ಹೋಗುತ್ತದೆ — ಕಾಕಾ, ನಿನ್ನೆ ಮೂರ ಸಲ ಹೋತ್ರಿ, ಸೋಮವಾರ ಎಂಟು ದಡಿ ಎಂಟು ಸೆರಗು ಕೊಡದಿದ್ರ ಶೇಠಜಿ ಕೆಲಸ ಇಚಲಕರಂಜಿಗೆ ಕಳಸ್ತಾರ, ಅಂದಳು ಐಶ್ವರ್ಯಾ — ಇವತ್ತು ಶುಕ್ರವಾರ, ಹೊರಗೆ ನಲವತ್ತೊಂದು ಡಿಗ್ರಿ ಬಿಸಿಲು, ಬನಹಟ್ಟಿಯ ಈ ಓಣಿಯಲ್ಲಿ ಆಚೆ ಈಚೆ ಎಲ್ಲ ಮನೆಯಲ್ಲೂ ಮಗ್ಗ ಬಡಿಯುತ್ತಿವೆ, ಈ ಮನೆಯಲ್ಲಿ ಮಾತ್ರ ಇಲ್ಲ, ಇಲ್ಲಿದ್ದ ಎರಡೂ ಮಗ್ಗ ಮಾರಿ ಆರು ವರ್ಷವಾಯಿತು, ಮಗ್ಗ ನಿಂತಿದ್ದ ಜಾಗದಲ್ಲೇ ಈ ಮೇಜು, ಮೇಜಿನ ಕಾಲ ಕೆಳಗೆ ಇನ್ನೂ ಬೋಲ್ಟು ಹೂತ ನಾಲ್ಕು ತೂತು, ನಾನು ಕುರ್ಚಿ ಇಟ್ಟುಕೊಂಡಿರುವುದು ಅವಳ ಅಪ್ಪ ಭೀಮಶಿಯ ಮಗ್ಗವಿದ್ದ ಕಡೆ, ನನ್ನದು ಅಲ್ಲಿ, ಗೋಡೆಯ ಕಡೆ, ಎರಡು ಮಾರು ದೂರವೂ ಇಲ್ಲ.

ಸಪ್ಪಳ ಇಲ್ಲದ್ದ ಹಾಕ್ರಿ ಕಾಕಾ, ತುಟ್ಟಿ ಆದ್ರೂ ಆಗಲಿ, ಅವ್ವಗ ಮಷೀನಿನ ಸಪ್ಪಳ ಆಗೂದಿಲ್ಲ, ನಿಮಗ ಗೊತ್ತೈತೆಲ್ಲ — ಗೊತ್ತಿದೆ ಮಗಳೆ, ಮಿಕ್ಸರ್ ಕೂಡ ಹಾಕದ ಮನೆ, ಚಟ್ನಿ ಕಲ್ಲಿನಲ್ಲಿ ಅರೆಯುವ ಮನೆ, ನಡುಮನೆಯ ಹೊರಸಿನ ಮೇಲೆ ಭೀಮಶಿಯ ಹೆಂಡತಿ ಕಸ್ತೂರೆವ್ವ ವೈನಿ ಕೂತಿದ್ದಾಳೆ, ತೆರೆದ ಬಾಗಿಲಿನಿಂದ ಅವಳ ಮೊಣಕಾಲು, ಮೊಣಕಾಲ ಮೇಲಿನ ಕೈ ಅಷ್ಟೇ ಕಾಣುತ್ತದೆ, ನಾನು ಸ್ಕ್ರೂ ಬಿಚ್ಚುವಾಗ ಆ ಕೈ ಅಲ್ಲಾಡುವುದಿಲ್ಲ, ಕೇಳುತ್ತ ಕೂತವರ ಕೈ — ಭೀಮಶಿಯ ಕೊರಳಲ್ಲಿದ್ದ ಟವೆಲ್ಲು ಮೋಟಾರಿನ ಬೆಲ್ಟಿಗೆ ಸಿಕ್ಕಿತು, ಓಣಿಗೆಲ್ಲ ಗೊತ್ತಿರುವುದು ಇಷ್ಟು, ನಾನು ಹೇಳಿದ್ದೂ ಇಷ್ಟೇ, ಪೊಲೀಸರಿಗೆ ಹೇಳಿದ್ದು, ಮಣ್ಣಿಗೆ ಬಂದ ಬೀಗರಿಗೆ ಹೇಳಿದ್ದು, ಮಗ್ಗದ ಸಪ್ಪಳದಾಗ ಕೇಳಲಿಲ್ರಿ, ತಿರುಗಿ ನೋಡೂದ್ರಾಗ ಮುಗದಿತ್ತು, ಎಲ್ಲರೂ ತಲೆಯಾಡಿಸಿದರು, ಮಗ್ಗದ ಊರಿನಲ್ಲಿ ಈ ಮಾತನ್ನು ನಂಬದವರು ಯಾರಿದ್ದಾರೆ, ನಮಗೆಲ್ಲ ಅರ್ಧ ಕಿವಿ, ಮದುವೆಮನೆಯಲ್ಲೂ ಕೂಗಿಯೇ ಮಾತಾಡುವ ಜನ — ಆದರೆ ನನಗೆ ಕೇಳಿತ್ತು. ಸಿದ್ದ್ಯಾ ಅಂದ, ನನ್ನನ್ನೇ. ಒಂದೇ ಸಲ. ನನ್ನ ಮಗ್ಗ ನಿಂತಿತ್ತು, ಹಾಸಿನ ಎಳೆ ಹರಿದಿತ್ತು, ಬಗ್ಗಿ ಗಂಟು ಕಟ್ಟುತ್ತಿದ್ದೆ, ಒಂದೇ ಮಗ್ಗ ಬಡಿಯುವಾಗ ಬೆನ್ನ ಹಿಂದಿನ ಕೂಗು ಚೆನ್ನಾಗಿ ಕೇಳುತ್ತದೆ, ಹೆಬ್ಬೆರಳು ತೋರುಬೆರಳಿನ ನಡುವೆ ಎಳೆ, ಎಂಜಲು ಹಚ್ಚಿ ಹೊಸೆದಿದ್ದೆ, ಗಂಟು ಇನ್ನೂ ಬಿಗಿದಿರಲಿಲ್ಲ.

ಬೇಡ, ಕೆಲಸ ನೋಡು, ಕೆಲಸಕ್ಕೆ ಬಂದವನು ನೀನು — ಸೋವಿಯದಕ್ಕೆ ತಾಮ್ರದ ಮೂರು ಕೊಳವೆ, ತಗಡಿನ ಎಲೆ ಬಿಡಿಬಿಡಿ, ಎಲೆಯ ನಡುವೆ ಉಗುರು ಹೋಗುತ್ತದೆ, ತುಟ್ಟಿಯದಕ್ಕೆ ಐದು ಕೊಳವೆ, ಎಲೆ ಒತ್ತೊತ್ತು, ನೋಡಲು ಚೆಂದ, ಬೆಂಗಳೂರಿನ ಬಾಗಿಲು ಮುಚ್ಚಿದ ಕೋಣೆಗೆ ಅದೇ ಮೇಲು, ಈ ಓಣಿಗೆ ಅಲ್ಲ, ಇಲ್ಲಿ ಗಾಳಿಯಲ್ಲಿ ನೂಲಿನ ಧೂಳು ಹಾರುತ್ತದೆ, ಕಿಟಕಿ ಮುಚ್ಚಿದರೂ ಬರುತ್ತದೆ, ಹಳೆಯ ಫ್ಯಾನು ಬಿಚ್ಚಿದಾಗ ಅದರ ಕೆಳಗೆ ಹತ್ತಿಯ ಹಾಸಿಗೆಯೇ ಇತ್ತು, ಎರಡು ಬೆರಳಿನಿಂದ ಹಿಡಿದರೆ ಕಂಬಳಿಯ ತುಂಡಿನಂತೆ ಎದ್ದು ಬಂತು, ಹುಡುಗಿ ಪೆಟ್ಟಿಗೆಯ ಮಗ್ಗುಲು ತೆಗೆದು ಟೇಬಲ್ ಫ್ಯಾನು ಹಚ್ಚಿಟ್ಟಿದ್ದಾಳೆ, ಇಲ್ಲಿ ಎಲ್ಲರೂ ಮಾಡುವ ತಪ್ಪು, ತಂಪಿನ ಜೊತೆ ಓಣಿಯ ಹತ್ತಿಯನ್ನೆಲ್ಲ ಒಳಗೆ ಊದಿದಂತಾಯಿತು, ಒತ್ತೊತ್ತು ಎಲೆಯದನ್ನು ಹಾಕಿದರೆ ಎರಡು ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ, ಬಿಡಿ ಎಲೆಯದನ್ನು ಬಣ್ಣದ ಬ್ರಷ್ಷಿನಿಂದ ಮನೆಯಲ್ಲೇ ಧೂಳು ಝಾಡಿಸಿಕೊಳ್ಳಬಹುದು, ಹೀಗಾಗಿ ಸೋವಿಯದೇ ಸರಿ, ಆದರೆ ಅದರ ಫ್ಯಾನು ಗುಂಯ್‌ಗುಡುತ್ತದೆ, ಇಡೀ ದಿನ, ಈ ಮನೆಯಲ್ಲಿ. ಬಿಟ್ಟಿ ದಾರಿಯೂ ಒಂದಿದೆ, ಏರಿಸಿದ ವೇಗ ಇಳಿಸಿಬಿಡುವುದು, ಹೇಳಿ ನೋಡಿದೆ, ಒಂದ ಸೆರಗಿಗೆ ಮೂವತ್ತೆರಡು ನಿಮಿಷ ಇದ್ದದ್ದು ನಲವತ್ತು ಆಕ್ಕೈತ್ರಿ ಕಾಕಾ, ಶೇಠಜಿ ಒಂದ ಸೆರಗಿಗೆ ಐದ ಸಲ ಬಣ್ಣ ಬದಲಸ್ತಾರ, ನೀವ ಲೆಕ್ಕಾ ಹಾಕ್ರಿ, ಅಂದಳು, ನಕ್ಕಳು, ಅಪ್ಪನ ಹಾಗೆಯೇ ನಗು, ಮೊದಲು ಮೂಗಿನಿಂದ — ಎಂಟು ನಿಮಿಷ ದೊಡ್ಡದೇ, ಒಂದು ಗಂಟು ಕಟ್ಟಲು ಎಷ್ಟು ಹೊತ್ತು, ಕೈ ಪಳಗಿದವನಿಗೆ ನಾಲ್ಕು ಉಸಿರು, ಐದು, ಕೈಬಿಟ್ಟರೆ ಎಳೆ ಹಿಂದಕ್ಕೆ ಜಾರುತ್ತದೆ, ಮತ್ತೆ ಹಿಡಿದು ಪೋಣಿಸುವುದು ಕಣ್ಣಿನ ಕೆಲಸ, ಅವನಾದರೋ ದಿನಕ್ಕೆ ಇಪ್ಪತ್ತು ಸಲ ಸಿದ್ದ್ಯಾ ಅನ್ನುವವನು, ತಂಬಾಕಿಗೆ ಸಿದ್ದ್ಯಾ, ಚಹಕ್ಕೆ ಸಿದ್ದ್ಯಾ, ಹೊಲಸು ಮಾತೊಂದು ನೆನಪಾದರೂ ಸಿದ್ದ್ಯಾ — ಎಂಜಲು ಹಚ್ಚಿದ ಎಳೆ, ಬೆರಳಿನ ನಡುವೆ.

ಎರಡೂ ಫ್ಯಾನು ಹಚ್ಚಿ ಕೇಳಸ್ತೇನಿ ತಡಿ ಐಶೂ, ಕಿವಿಗೆ ಯಾವುದು ಒಪ್ಪತೈತಿ ನೋಡು, ಅಂದೆ — ತಗಡಿನಿಂದ ಬಿಡಿಸಿ ಮೇಜಿನ ಮೇಲಿಟ್ಟು ತುಟ್ಟಿಯದರ ವೈರು ಮೊದಲು ಚುಚ್ಚಿದೆ, ತಿರುಗಿತು, ತಿರುಗುವುದು ಕಣ್ಣಿಗೆ ಕಂಡಿತೇ ಹೊರತು ಕಿವಿಗೆ ಏನೂ ಇಲ್ಲ, ಐಶ್ವರ್ಯಾ ಕಿವಿ ಹತ್ತಿರ ಒಯ್ದಳು, ಛಲೋ ಐತ್ರಿ, ಗಾಳಿ ಅಷ್ಟ, ಅಂದಳು, ಮತ್ತೆ ಸೋವಿಯದು, ಗುಂಯ್ ಎಂದಿತು, ಒಳಗೆಲ್ಲೋ ಸಣ್ಣ ಟಿಕ್ ಟಿಕ್ ಕೂಡ, ಆಗ ಬಾಗಿಲಲ್ಲಿ ನೆರಳು, ವೈನಿ ಎದ್ದು ಬಂದಿದ್ದಾಳೆ, ಆರು ವರ್ಷದಲ್ಲಿ ಈ ಕೋಣೆಯ ಹೊಸ್ತಿಲು ದಾಟಿದ್ದನ್ನು ನಾನು ಕಂಡಿಲ್ಲ, ಬಂದವಳು ಮೇಜಿಗೆ ಕೈ ಊರಿ ನಿಂತಳು. ಇದನ್ನ ಹಾಕು ಸಿದ್ದಾರೂಢ. ಅವ್ವಾ, ಸಪ್ಪಳ ಬೇ ಅದು, ದಿನಾ ಇಡೀ ಒದರತೈತಿ. ಒದರಲಿ. ಆ ಇನ್ನೊಂದು ನಿಂತ್ರ ನಿನಗ ಹ್ಯಾಂಗ ಗೊತ್ತಾಕ್ಕೈತಿ? ಸಪ್ಪಳ ಇದ್ದದ್ದು ನಿಂತ್ರ ಗೊತ್ತಾಕ್ಕೈತಿ. ನಾನು ಸ್ಕ್ರೂ ಹುಡುಕುವ ನೆಪದಲ್ಲಿ ಡಬ್ಬಿಯೊಳಗೆ ಕೈ ಹಾಕಿದೆ, ಖರೆ ಐತಿ ವೈನಿ, ಅಂದೆ, ಸೋವಿಯದೂ ಆತು, ಏಳುನೂರು ಉಳಿತು ನಿಮಗ. ಅವಳು ಹೋಗಲಿಲ್ಲ. ನಾ ಸಪ್ಪಳಕ್ಕ ಹೆದರತೇನಂತ ಈಕಿ ತಿಳಕೊಂಡಾಳ, ಅಂದಳು, ನಾ ಹೆದರೂದು ನಿಂತದ್ದಕ್ಕ. ಅವತ್ತ ಕಟ್ಟಿ ಮ್ಯಾಲ ಕುಂತು ಕಂಡಿಕಿಗೆ ನೂಲ ಸುತ್ತಾಕತ್ತಿದ್ನಿ. ಮೊದಲ ನಿನ್ನ ಮಗ್ಗ ನಿಂತಿತು. ಎಳಿ ಹರದಿರಬೇಕು ಅಂದ್ಕೊಂಡ್ನಿ. ಒಂದಷ್ಟೊತ್ತಿಗೆ ಅವರದೂ ನಿಂತಿತು. ಅದಕ್ಕೂ ಎಳಿ ಹರದಿರಬೇಕು ಅಂದ್ಕೊಂಡ್ನಿ, ಸುಮ್ಮ ಕುಂತ್ನಿ. ನಾನೂ ಎದ್ದು ಬರಲಿಲ್ಲ.

ಕಂಡಿಕೆ ಸುತ್ತುವ ಹೆಂಗಸರು ಹೊರಗೆ ಕೂತೇ ಒಳಗೆ ಎಷ್ಟು ಮಗ್ಗ ನಡೆದಿವೆ, ಯಾರದು ನಿಂತಿದೆ ಎಂದು ಕಿವಿಯಿಂದ ಎಣಿಸುತ್ತಾರೆ, ಅದು ನನಗೆ ಗೊತ್ತಿತ್ತು, ನನ್ನ ಅವ್ವ ಸತ್ಯವ್ವನೂ ಹಾಗೆಯೇ ಎಣಿಸುತ್ತಿದ್ದಳು, ಗೊತ್ತಿದ್ದೂ ಆರು ವರ್ಷ ಅದನ್ನು ಯೋಚಿಸಲಿಲ್ಲ, ಯೋಚಿಸಿದ್ದರೆ ಈ ಮನೆಗೆ ಬರಲಾಗುತ್ತಿರಲಿಲ್ಲ — ಮಗ್ಗ ಬಿಟ್ಟು ಜಮಖಂಡಿಯ ಅಂಗಡಿಯೊಂದರಲ್ಲಿ ಸ್ಕ್ರೂ ಹಿಡಿದು ಕಲಿತು ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೇ ಅಂಗಡಿ ಹಾಕಿದೆ, ಈ ಮನೆಯ ಬಲ್ಬು ಹೋದರೂ ನಾನು, ನಲ್ಲಿ ಸೋರಿದರೂ ನಾನು, ಐಶ್ವರ್ಯಾಗೆ ಕಂಪ್ಯೂಟರ್ ಹುಡುಕಿಕೊಟ್ಟವನೂ ನಾನು, ಒಂದು ರೂಪಾಯಿ ಕೂಲಿ ತೆಗೆದುಕೊಂಡವನಲ್ಲ, ಕಾಕಾ ಊಟಾ ಮಾಡ್ಕೊಂಡ ಹೋಗ್ರಿ, ಉಂಡು ಹೋಗುತ್ತಿದ್ದೆ, ವೈನಿ ರೊಟ್ಟಿ ಬಡಿಯುತ್ತ ಆ ದಿನ ನಿಂತ ಮಗ್ಗಗಳನ್ನೇ ಎಣಿಸುತ್ತ ಇದ್ದಳೇ — ತೊಗರಿ ಬೇಳೆಯಷ್ಟು ಪೇಸ್ಟು ಪ್ರೊಸೆಸರಿನ ನಡುವೆ ಇಟ್ಟೆ, ಹೆಚ್ಚಾದರೆ ಹರಿಯುತ್ತದೆ, ಕೂಲರ್ ಕೂರಿಸಿ ಮೂಲೆಯಿಂದ ಮೂಲೆಗೆ ಸ್ಕ್ರೂ ಬಿಗಿಯುತ್ತ ಹೋದೆ, ಒಂದೇ ಕಡೆ ಪೂರ್ತಿ ಬಿಗಿದರೆ ಕೂಲರ್ ಸೊಟ್ಟ ಕೂರುತ್ತದೆ, ಒಂದಿಷ್ಟು ಇಲ್ಲಿ, ಒಂದಿಷ್ಟು ಅಲ್ಲಿ, ಮೂರನೆಯ ಸ್ಕ್ರೂಗೆ ವೈನಿ ಕೇಳಿದಳು, ದನಿ ಏರಿಸಲಿಲ್ಲ, ನಿನಗ ಕೇಳಿತ್ತೋ ಇಲ್ಲೋ? ಐಶ್ವರ್ಯಾ ಅವ್ವನ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ, ಕೇಳಿತ್ತು ವೈನಿ, ಅಂದೆ. ಏನಂದ್ರು? ನನ್ನ ಹೆಸರ ಕರದ. ನೀ ಏನಂದಿ? ಇಲ್ಲಿ ಸುಳ್ಳು ಹೇಳಬಹುದಿತ್ತು, ಏನೂ ಅನ್ನಲಿಲ್ಲ ಎಂದರೆ ಮುಗಿಯುತ್ತಿತ್ತು, ಆರು ವರ್ಷದ ಸುಳ್ಳಿಗೆ ಇನ್ನೊಂದು ಎಳೆ, ಅವಳೂ ಎದ್ದು ಬರಲಿಲ್ಲ ಎಂದಿದ್ದಾಳೆ, ಅರ್ಧ ಬಾಗಿಲು ತೆರೆದಿದ್ದಾಳೆ, ಸುಮ್ಮನೆ ನುಗ್ಗಿಬಿಡಬಹುದು — ತಡಿ ಅಂದ್ನಿ, ವೈನಿ. ತಡೀಲೇ, ಗಂಟ ಹಾಕಿ ಬಂದ್ನಿ, ಅಂದ್ನಿ. ಹಾಕಿ ಆದ ಮ್ಯಾಲ ತಿರುಗಿದ್ನಿ.

ಆಚೆ ಮನೆಯ ಮಗ್ಗ ಬಡಿಯಿತು, ಈಚೆ ಮನೆಯದೂ, ನಾನು ನಾಲ್ಕನೆಯ ಸ್ಕ್ರೂ ಬಿಗಿದೆ, ಬಿಗಿಯದೆ ಬಿಡಲಾಗುವುದಿಲ್ಲ, ಯಂತ್ರ ಚಾಲೂ ಮಾಡಿದೆ, ಗುಂಯ್ ಎಂದಿತು, ಐಶ್ವರ್ಯಾ ಅರ್ಧಕ್ಕೆ ನಿಂತಿದ್ದ ಸೆರಗನ್ನು ಮೊದಲಿನಿಂದ ಹಚ್ಚಿದಳು, ಅರವತ್ತು, ಎಪ್ಪತ್ತೆರಡು, ಎಂಬತ್ತು, ಎಂಬತ್ತೆರಡು, ಅಲ್ಲಿ ನಿಂತಿತು, ಹದಿನೈದು ನಿಮಿಷ, ಇಪ್ಪತ್ತೈದು, ಮೂವತ್ತೆರಡು, ಸೆರಗು ಪೂರ್ತಿ ಮೂಡಿತು, ಗಿಳಿಹಸಿರಿನ ಮೇಲೆ ಕೆಂಪು, ಯಂತ್ರ ಆರಲಿಲ್ಲ, ಸೋಮವಾರಕ್ಕೆ ಮುಗಿಸುತ್ತಾಳೆ, ಬ್ರಷ್ಷಿನಿಂದ ತಿಂಗಳಿಗೊಮ್ಮೆ ಧೂಳ ಝಾಡಸು, ಟೇಬಲ್ ಫ್ಯಾನು ಹಚ್ಚಬ್ಯಾಡ, ಎಂದು ಅವಳಿಗೆ ಹೇಳಿದೆ, ಹೂಂ ಅಂದಳು, ಕಾಕಾ ಅನ್ನಲಿಲ್ಲ, ಮೂಗಿನಿಂದ ನಗುವ ಆ ಮುಖದಲ್ಲಿ ಈಗ ನನ್ನ ಕಡೆ ಏನೂ ಇರಲಿಲ್ಲ, ಚೀಲ ಕಟ್ಟಿ ಎದ್ದೆ, ಆಗ ವೈನಿ ಹೊಸ್ತಿಲಿನಿಂದ ಹೇಳಿದಳು, ಐಶೂ, ಅವರ ಕೂಲಿ ಎಷ್ಟಾತು ಕೇಳು, ಕೊಟ್ಟ ಬಿಡು — ಅವರ ಅಂದಳು, ನನ್ನನ್ನು ಎಂದೂ ಅವರ ಇವರ ಅಂದವಳಲ್ಲ. ಮುನ್ನೂರು, ಅಂದೆ, ಅಂಗಡಿಯಲ್ಲಿ ಎಲ್ಲರಿಗೂ ಹೇಳುವಷ್ಟೇ, ಬೇಡ ಎನ್ನುವ ಧೈರ್ಯ ಬರಲಿಲ್ಲ, ಬೇಡ ಎಂದರೆ ಮತ್ತೆ ಬಾ ಎಂದು ಕೇಳಿದಂತಾಗುತ್ತಿತ್ತು, ಮೂರು ನೋಟು ನನ್ನ ಕೈಯಲ್ಲಿ, ಹೆಬ್ಬೆರಳು ತೋರುಬೆರಳಿನ ನಡುವೆ, ಬಿಗಿಯಾಗಿ, ಓಣಿಯಲ್ಲಿ ನಡೆಯುತ್ತಿದ್ದೇನೆ, ಎಡಕ್ಕೆ ನಾಲ್ಕು ಮಗ್ಗ, ಬಲಕ್ಕೆ ಎರಡು, ಅಲ್ಲಿ ಒಂದು ಈಗಷ್ಟೇ ನಿಂತಿತು, ಎಳೆ ಹರಿದಿರಬೇಕು, ಯಾರೋ ಬಗ್ಗಿರಬೇಕು, ಎಂಜಲು ಹಚ್ಚಿ, ಎಳೆ, ಬೆರಳು, ಎಳೆ — ಆರು ವರ್ಷ ಉಂಡ ಮನೆ ಹೋಯಿತು, ಮುನ್ನೂರು ರೂಪಾಯಿ ಬಂತು.